ಕಾಶಿನಾಥನ ಕುಕ್ಕರ್ ಪರೀಕ್ಷೆ

ಒಲೆಯ ಮೇಲಿನ ಛಾವಣಿಯಲ್ಲಿ ಅಂಗೈ ಅಗಲದ ಆ ಹಳದಿ ಕಲೆ ಇಲ್ಲದಿದ್ದರೆ ಕಾಶಿನಾಥನ ಮಾತಿಗೆ ಮನೆಯಲ್ಲಿ ಒಂದಿಷ್ಟು ಬೆಲೆ ಇರುತ್ತಿತ್ತು. ಅದು ತೊಗರಿಬೇಳೆಯ ಕಲೆ. ಹೋದ ವರ್ಷ ಹೆಂಡತಿ ಮಹಾದೇವಿ ಯಾರದೋ ಮದುವೆಗೆ ಹೋಗಿದ್ದಾಗ, ಎರಡು ಹೊತ್ತಿನದೂ ಒಂದೇ ಸಲಕ್ಕೆ ಮುಗಿದುಹೋಗಲಿ ಎಂದು ಇವನು ಕುಕ್ಕರಿನ ಕಂಠಮಟ್ಟ ಬೇಳೆ, ನೀರು ತುಂಬಿ ಒಲೆಯ ಮೇಲಿಟ್ಟಿದ್ದ. ಉಕ್ಕಿದ ಬೇಳೆ ಸೀಟಿಯ ಕೊಳವೆಯಲ್ಲಿ ಸಿಕ್ಕಿಕೊಂಡಿತು, ಸೇಫ್ಟಿ ವಾಲ್ವ್ ಹಾರಿತು, ಅದರ ಹಿಂದೆಯೇ ಬೇಳೆಯೂ ಹಾರಿತು. ಆಮೇಲೆ ಎರಡು ಸಲ ಸುಣ್ಣ ಬಳಿಸಿದರೂ ಕಲೆ ಹೋಗಲಿಲ್ಲ. ಮುಂಬಯಿ ಗೋರೆಗಾಂವಿನ, ಒಂದೊಂದೇ ಕೋಣೆಯ ಮನೆಗಳ ಆ ಚಾಳಿನಲ್ಲಿ ಕಾಶಿನಾಥನ ಅಡ್ಡಹೆಸರು ಗೊತ್ತಿಲ್ಲದವರಿದ್ದರು, ಛಾವಣಿಯ ಕಲೆ ಗೊತ್ತಿಲ್ಲದವರಿರಲಿಲ್ಲ.

ಈಗ ಮಹಾದೇವಿ ತನ್ನ ವಿಮಾ ಕಚೇರಿಯ ತರಬೇತಿಗೆಂದು ಎರಡು ತಿಂಗಳ ಮಟ್ಟಿಗೆ ಪುಣೆಗೆ ಹೋಗಿದ್ದಳು. ಮಲಾಡಿನ ಬಟ್ಟೆ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಕಾಶಿನಾಥನಿಗೆ ಮದುವೆಯಾದ ಮೇಲೆ ಇಡೀ ಖೋಲಿ ಇಷ್ಟು ದಿನ ತನ್ನೊಬ್ಬನದೇ ಆದದ್ದು ಇದೇ ಮೊದಲು. ಮೊದಲ ವಾರ ಅವನು ರಾಜನ ಹಾಗೆ ಬಾಳಿದ. ಒದ್ದೆ ಟವೆಲನ್ನು ಮಂಚದ ಮೇಲೆ ಒಗೆದ. ವಡಾಪಾವನ್ನು ಹಾಸಿಗೆಯಲ್ಲೇ ಕೂತು ತಿಂದ. ಕ್ರಿಕೆಟ್ ಮ್ಯಾಚನ್ನು ಟಾಸಿನಿಂದ ಬಹುಮಾನ ಹಂಚುವವರೆಗೂ ನೋಡಿದ, ನಡುವೆ ಯಾರೂ ಅವನನ್ನು ಕೊತ್ತಂಬರಿ ತರಲು ಅಟ್ಟಲಿಲ್ಲ. ಇಂಥ ಸುಖ ಇನ್ನೂ ಎಷ್ಟೋ ವಾರ ಬಾಕಿ ಇದೆ ಎಂದು ನೆನೆದಾಗ ಅವನಿಗೆ ಕಣ್ಣು ತುಂಬಿ ಬರುತ್ತಿತ್ತು.

ಆಗ ಪುಣೆಯಿಂದ ಫೋನು ಬಂತು.

"ದಿನಾ ಹೊರಗ ತಿನ್ನಾಕತ್ತೀರಂತ," ಎಂದಳು ಮಹಾದೇವಿ. "ಕಡೀ ಖೋಲಿ ವಾರಿಜಾ ಹೇಳಿದ್ಲು. ಅಪ್ಪ ಶನಿವಾರ ಬೈಕುಲ್ಲಾಕ ಬರಾಕತ್ತಾನ, ನಮ್ಮ ಕಾಕಾನ ಮೊಮ್ಮಗಳ ಹೆಸರಿಡೂದು ಐತಿ. ಐತವಾರ ಮಧ್ಯಾಹ್ನ ನಿಮ್ಮ ಕಡೆ ಊಟಕ್ಕ ಕಳಸ್ತೀನಿ. ಕುಕ್ಕರಿನ್ಯಾಗ ಅನ್ನ ಬ್ಯಾಳಿ ಮಾಡಿ ಹಾಕ್ರಿ. ಅಪ್ಪ ಛಲೋ ಆಗಿತ್ತು ಅಂದ್ರ ನೀವು ಒಬ್ಬರ ಇರ್ರಿ. ಇಲ್ಲಂದ್ರ ಅವ್ವನ್ನ ಕಳಸ್ತೀನಿ."

ಅತ್ತೆ ಗುರುಬಾಯಿ ಕೆಟ್ಟವಳೇನಲ್ಲ. ಆದರೆ ಮುಂಬಯಿಯ ಖೋಲಿ ಎಷ್ಟು ದೊಡ್ಡದಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಗುರುಬಾಯಿಯ ದನಿ ಎಷ್ಟು ದೊಡ್ಡದು ಎಂಬುದು ಕಾಶಿನಾಥನಿಗೆ ಗೊತ್ತು. ಹಿಂದಿನ ಸಲ ಗಂಡನ ಜೊತೆ ಬಂದಾಗ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯಲು ಕೂತರೆ ಅವನ ನಿದ್ದೆಯ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಎರಡನೇ ಕಪ್ ಚಹಾಕ್ಕೆ ಕೈ ಚಾಚಿದರೆ ಪಿತ್ತದ ಮೇಲೆ ಭಾಷಣ. ಸುಮ್ಮನೆ ಕೂತರೆ, "ಯಾಕ ಹಿಂಗ ಕುಂತೀರಿ, ಮೈಯಾಗ ಹುಷಾರಿಲ್ಲೇನು?" ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ಎರಡು ತಿಂಗಳ ರಾಜ್ಯಭಾರ ಈಗ ಒಂದು ಕುಕ್ಕರಿನ ಮೇಲೆ ನಿಂತಿತು.

ಭಾನುವಾರ ಬೆಳಿಗ್ಗೆ ಅವನು ಮಹಾದೇವಿ ಕಳಿಸಿದ್ದ ವಾಯ್ಸ್ ಮೆಸೇಜನ್ನು ಮೊಬೈಲಿನಲ್ಲಿ ಮಂತ್ರದಂತೆ ಹಚ್ಚಿಟ್ಟು ಕೆಲಸಕ್ಕೆ ನಿಂತ. "ಕೊಳವಿ ಬೆಳಕಿಗೆ ಹಿಡದು ನೋಡ್ರಿ, ಆಚಿ ಕಡೆ ಕಾಣಬೇಕು." ಹಿಡಿದು ನೋಡಿದ, ಎದುರಿನ ಬಿಲ್ಡಿಂಗಿನ ನೀರಿನ ಟಾಕಿ ಕಾಣಿಸಿತು. "ರಬ್ಬರ್ ರಿಂಗ್ ಸೀಳಿದ್ರ ಹಾಕಬ್ಯಾಡ್ರಿ." ಎಳೆದು, ಬಗ್ಗಿಸಿ, ಮೂಸಿ ಕೂಡ ನೋಡಿದ. "ಅರ್ಧಕ್ಕಿಂತ ಮ್ಯಾಲ ತುಂಬಬ್ಯಾಡ್ರಿ." ಅಕ್ಕಿಗೊಂದು, ಬೇಳೆಗೊಂದು ಡಬ್ಬಿಯಿಟ್ಟು ಅರ್ಧಕ್ಕಿಂತ ಕೆಳಗೇ ನಿಲ್ಲಿಸಿದ. "ಮೂರು ಸೀಟಿಗೆ ಬಂದ್ ಮಾಡ್ರಿ. ಉಗಿ ಪೂರಾ ಹೋಗೂತನಕ ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ." ಈ ಕಡೆಯ ಮಾತನ್ನು ಅವನು ಎರಡು ಸಲ ಕೇಳಿಸಿಕೊಂಡ. ಆಮೇಲೆ ಗ್ಯಾಸ್ ಹಚ್ಚಿ, ಕುಕ್ಕರ್ ಇಟ್ಟು, ಬಾಗಿಲು ತೆರೆದಿಟ್ಟು ಗ್ಯಾಲರಿಗೆ ಓಡಿದ. ಎಲ್ಲ ಖೋಲಿಗಳ ಮುಂದೆ ಹಾದುಹೋಗುವ ಆ ಉದ್ದನೆಯ ಗ್ಯಾಲರಿಯ ತುದಿಯಲ್ಲಿ, ಮೆಟ್ಟಿಲ ಹತ್ತಿರ, ಒಂದು ಸ್ಟೂಲ್ ಹಾಕಿಕೊಂಡು ಕೂತ.

ಪಕ್ಕದ ಖೋಲಿಯ ರುದ್ರವ್ವ ತಲೆ ಹೊರಹಾಕಿದಳು. ಬೆಳಗಾವಿ ಕಡೆಯವಳು, ಚಾಳಿನಲ್ಲಿ ಯಾರ ಮನೆಯ ಒಗ್ಗರಣೆಗೆ ಎಷ್ಟು ಬೆಳ್ಳುಳ್ಳಿ ಬಿತ್ತು ಎಂಬುದನ್ನೂ ಹೇಳಬಲ್ಲವಳು.

"ಕುಕ್ಕರ ಇಟ್ಟೀರೇನ್ರಿ ಕಾಶಿನಾಥ?"

"ಹೌದ್ರಿ ಕಾಕು."

"ಹಂಗಾದ್ರ ನಾ ಮೊಮ್ಮಗನ್ನ ಒಳಗ ಕರ್ಕೋತೀನಿ," ಎಂದು ಅವಳು ಮಗುವನ್ನು ಎತ್ತಿಕೊಂಡು ಬಾಗಿಲು ಹಾಕಿಕೊಂಡಳು. ಕಾಶಿನಾಥ ಹಲ್ಲು ಕಚ್ಚಿದ.

ಅಷ್ಟರಲ್ಲಿ ಮೇಲಿನ ಮಹಡಿಯ ಅಮೋಲ್ ಮೆಟ್ಟಿಲಿಳಿದು ಬಂದ. ಚಾಳಿನ ಕಮಿಟಿಗೆ ಹೊಸದಾಗಿ ಸೆಕ್ರೆಟರಿಯಾಗಿದ್ದ ಮರಾಠಿ ಹುಡುಗ. ನೀರಿನ ಪಂಪಿನ ವಿಷಯ ಎತ್ತಿದವನು ಬಿಡಲಿಲ್ಲ. ಕಾಶಿನಾಥ ಅವನ ಕಡೆ ತಿರುಗಿ ತಲೆಯಾಡಿಸುತ್ತಿದ್ದಾಗ ಬೆನ್ನ ಹಿಂದಿನಿಂದ ವಾರಿಜಾ ಬಂದಳು. ಉಡುಪಿ ಕಡೆಯವಳು, ಗ್ಯಾಲರಿಯ ಆಚೆ ಕೊನೆಯ ಖೋಲಿ. ಕೈಯಲ್ಲಿ ಮೀನು ತರಲು ಚೀಲವಿತ್ತು.

"ಹೆದರ್ಬೇಡಿ ಮಾರಾಯ್ರೆ," ಎಂದಳು ಮೆಟ್ಟಿಲಿಳಿಯುತ್ತ. "ಇನ್ನೇನೂ ಆಗುದಿಲ್ಲ."

ಚಾಳಿನಲ್ಲಿ ಧೈರ್ಯ ಹೇಳುವವರೂ ಒಬ್ಬರಿದ್ದಾರಲ್ಲ ಎಂದು ಕಾಶಿನಾಥನಿಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಮೊದಲ ಸೀಟಿ ಕೂಗಿತು. ಆಮೇಲೆ ಎರಡನೆಯದು. ಮೂರನೆಯದು ಕೂಗುತ್ತಲೇ ಅವನು ಅಮೋಲನನ್ನು ಅರ್ಧ ಮಾತಿನಲ್ಲೇ ಬಿಟ್ಟು ಓಡಿದ, ಬಾಗಿಲಲ್ಲಿ ನಿಂತು ಮುಖವನ್ನು ಆಚೆ ತಿರುಗಿಸಿ, ಒಂದು ಕೈ ಚಾಚಿ ಒಲೆಯ ಗುಬುಟು ತಿರುಗಿಸಿ, ಹಾಗೇ ಹಿಂದಕ್ಕೆ ಜಿಗಿದ. ಗೆದ್ದೆ ಎಂದುಕೊಂಡ.

ಮಾವ ಖಂಡಪ್ಪನ ಫೋನು ಬಂತು. "ಅಳಿಯಂದ್ರ, ಅಂಧೇರಿ ದಾಟೈತಿ ಗಾಡಿ. ಹೊಟ್ಟಿ ಭಾಳ ಹಸದೈತಿ."

ಕಾಶಿನಾಥ ಬೇಕಾದ್ದಕ್ಕಿಂತ ಹೆಚ್ಚೇ ಕಾದ. ಆಮೇಲೆ, ಉಗಿ ಉಳಿದಿದ್ದರೆ ಹೋಗಲಿ ಎಂದು ಉದ್ದನೆಯ ಸೌಟಿನಿಂದ ಸೀಟಿಯನ್ನು ಮೆಲ್ಲಗೆ ಎತ್ತಿದ. ಉಸ್ ಎನ್ನಲಿಲ್ಲ. ಇನ್ನಷ್ಟು ಎತ್ತಿದ. ಏನೂ ಇಲ್ಲ. ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದ ರುದ್ರವ್ವ ನಿಟ್ಟುಸಿರು ಬಿಟ್ಟಳು.

"ಉಗಿ ಬರಲಿಲ್ಲ ನೋಡ್ರಿ."

"ಪೂರಾ ಹೋಗಿರಬೇಕ್ರಿ ಕಾಕು."

"ಅದೆಲ್ಲಿಗೆ ಹೋಗ್ತೈತಿ? ಈಗ ಬಂದ್ ಮಾಡೀರಿ. ಹೊರಗ ಬರಲಿಲ್ಲಂದ್ರ ಒಳಗ ಕುಂತೈತಿ. ಹೋದ ವರ್ಷಾನೂ ಹಿಂಗ ಸುಮ್ಮನ ಕುಂತಿತ್ತು, ಆಮ್ಯಾಲ ಏನಾತು?" ಎಂದು ಅವಳು ಛಾವಣಿಯ ಕಲೆಯ ಕಡೆ ಕಣ್ಣೆತ್ತಿದಳು.

ಕಾಶಿನಾಥನೂ ಕಣ್ಣೆತ್ತಿದ. ಕೈಯಲ್ಲಿದ್ದ ಸೌಟು ಜಾರಿ, ಎತ್ತಿದ್ದ ಸೀಟಿ ಕೊಳವೆಯ ಮೇಲೆ ಟಕ್ಕೆಂದು ಕೂತಿತು. ಆ ಸದ್ದಿಗೆ ಇಬ್ಬರೂ ಒಂದೇ ಉಸಿರಿಗೆ ಗ್ಯಾಲರಿಯಲ್ಲಿದ್ದರು.

ಮುಂದೆ ನಡೆದದ್ದಕ್ಕೆ ಕಾಶಿನಾಥನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ತಣ್ಣೀರು ಸುರಿಯಿರಿ ಎಂದರು ಒಬ್ಬರು, ಸುರಿದರೆ ಸಿಡಿಯುತ್ತದೆ ಎಂದರು ಇನ್ನೊಬ್ಬರು. ಲಟ್ಟಣಿಗೆಯಿಂದ ಮುಚ್ಚಳಕ್ಕೆ ಒಂದು ಏಟು ಹಾಕಬೇಕು ಎಂದವರೂ ಇದ್ದರು, ಆದರೆ ಲಟ್ಟಣಿಗೆ ಕೊಡಲು ಹೋದಾಗ ಅವರು ಅಲ್ಲಿರಲಿಲ್ಲ. ದೂರದಿಂದ ಯಾರೋ ಒದ್ದೆ ಗೋಣಿಚೀಲ ಎಸೆದರು, ಅದು ಕುಕ್ಕರಿಗೆ ಬೀಳದೆ ಮಂಚಕ್ಕೆ ಬಿತ್ತು. ಕೊನೆಗೆ ಸೆಕ್ರೆಟರಿ ಅಧಿಕಾರ ವಹಿಸಿಕೊಂಡ.

"ಸಬ್ ಲೋಗ್ ನೀಚೆ ಚಲೋ," ಎಂದು ಅಮೋಲ್ ಎಲ್ಲರನ್ನೂ ಅಂಗಳಕ್ಕಿಳಿಸಿದ. "ಕಾಕಾ, ಮೈ ಫೈರ್ ಬ್ರಿಗೇಡ್ ಕೋ ಫೋನ್ ಕರತಾ."

"ಬ್ಯಾಡೋ ಮಾರಾಯಾ," ಎಂದು ಕಾಶಿನಾಥ ಅವನ ಕೈ ಹಿಡಿದುಕೊಂಡು, ಮಾವ ಊಟಕ್ಕೆ ಬರುತ್ತಿರುವುದನ್ನು ತನಗೆ ಬಂದ ಹಿಂದಿಯಲ್ಲಿ ಹೇಳಿದ. "ಮೇರಾ ಸಸುರ್ ಖಾನೇ ಕೋ ಆ ರಹಾ ಹೈ."

ಕುಕ್ಕರ್ ಸಿಡಿದರೆ ಒಂದು ದಿನದ ಗೋಳು, ಗುರುಬಾಯಿ ಬಂದರೆ ಎರಡು ತಿಂಗಳದು. ಈ ಲೆಕ್ಕ ಅಮೋಲನಿಗೆ ಅರ್ಥವಾಗುವಂತಿರಲಿಲ್ಲ, ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹಾಗಿದ್ದರೆ ನೀವೇ ಮೇಲೆ ಹೋಗಿ ಕುಕ್ಕರನ್ನು ಬಚ್ಚಲ ಮೋರಿಗೆ ತಳ್ಳಿ ನೀರು ಬಿಡಿ ಎಂದು ಅವನು ತನ್ನ ಮೋಟರ್ ಸೈಕಲಿನ ಹೆಲ್ಮೆಟನ್ನು ಕಾಶಿನಾಥನ ತಲೆಗೆ ಹಾಕಿ ಪಟ್ಟಿ ಬಿಗಿದ. ರುದ್ರವ್ವ ಮೊಮ್ಮಗನ ಹಾಸಿಗೆಯನ್ನು ಅವನ ಎದೆಗೆ ಸೀರೆಯಿಂದ ಕಟ್ಟಿದಳು. ಯಾರೋ ಜೇಡರಬಲೆ ತೆಗೆಯುವ ಉದ್ದನೆಯ ಬಿದಿರು ಕೊಟ್ಟರು. ಅಂಗಳದಲ್ಲಿ ನೆರೆದವರೆಲ್ಲ ಮೊಬೈಲು ಎತ್ತಿ ಹಿಡಿದರು. ನನ್ನ ಮನೆಯ ಬೇಳೆಗೂ ಈ ಊರಿಗೂ ಏನು ಸಂಬಂಧ ಎಂದು ಕಾಶಿನಾಥ ಹೆಲ್ಮೆಟಿನ ಒಳಗೇ ಬೈಯುತ್ತ ಮೆಟ್ಟಿಲು ಹತ್ತಿದ.

ಬಾಗಿಲಲ್ಲಿ ನಿಂತು ಬಿದಿರನ್ನು ಒಳಗೆ ತೂರಿಸಿದ.

ಒಲೆಯ ಮುಂದೆ ಮಾವ ಖಂಡಪ್ಪ ನಿಂತಿದ್ದ. ಸ್ಟೇಷನ್ ಕಡೆಯ ಹಿಂದಿನ ಮೆಟ್ಟಿಲಿನಿಂದ ಬಂದವನು, ಯಾರೂ ಕಾಣದೆ ನೇರ ಒಳಗೆ ನುಗ್ಗಿದ್ದ. ಎಡಗೈಯಲ್ಲಿ ಕುಕ್ಕರಿನ ಮುಚ್ಚಳ, ಬಲಗೈ ಮಣಿಕಟ್ಟಿನವರೆಗೆ ಕುಕ್ಕರಿನ ಒಳಗೆ.

"ಅಕ್ಕಿ ಬ್ಯಾಳಿ ನೆನಿ ಇಟ್ಟೀರಲ್ಲ ಅಳಿಯಂದ್ರ," ಎಂದ. "ದ್ವಾಸಿ ಮಾಡೂದು ಐತೇನು?" ಆಮೇಲೆ ಅಳಿಯನನ್ನು ಹೆಲ್ಮೆಟಿನಿಂದ ಕಾಲಿನವರೆಗೆ ನೋಡಿದ.

ಕುಕ್ಕರ್ ತಣ್ಣಗಿತ್ತು. ಅಕ್ಕಿ ಅಕ್ಕಿಯಾಗಿಯೇ, ಬೇಳೆ ಬೇಳೆಯಾಗಿಯೇ ಇದ್ದವು. ಏನಾಯಿತೆಂದು ತಿಳಿದದ್ದು ವಾರಿಜಾ ಮೀನು ತೆಗೆದುಕೊಂಡು ಬಂದ ಮೇಲೆ.

"ಅದಾ? ಗ್ಯಾಸ್ ಬಂದ್ ಮಾಡಿದ್ದು ನಾನಲ್ವಾ," ಎಂದಳು ಅವಳು. "ಮಹಾದೇವಿ ನಿಮ್ಮ ಮೇಲೆ ಒಂದು ಕಣ್ಣಿಡಿ ಅಂದಿದ್ರು. ನೋಡಿದ್ರೆ ಉರಿ ಇಷ್ಟು ದೊಡ್ಡದು, ಒಳಗೆ ಯಾರೂ ಇಲ್ಲ. ಕುಕ್ಕರಿನ ಹತ್ರ ಹೋಗ್ಲಿಕ್ಕೆ ನಂಗೂ ಹೆದರಿಕೆ ಅಲ್ವಾ, ಕೆಳಗೆ ಸಿಲಿಂಡರಿನ ರೆಗ್ಯುಲೇಟರೇ ತಿರುಗಿಸಿದೆ. ಹೋಗುವಾಗ ನಿಮ್ಗೆ ಹೇಳಿದೆ ಕೂಡ."

"ಹಂಗಾದ್ರ ನಾ ಕೇಳಿದ ಸೀಟಿ ಯಾರ್ದು?" ಎಂದ ಕಾಶಿನಾಥ.

ಗೋಡೆಯಾಚೆಯಿಂದ ರುದ್ರವ್ವ ಸಾವಕಾಶ ಹೇಳಿದಳು. "ನಮ್ಮದ ಇರಬೇಕ್ರಿ. ಬಟಾಟಿ ಇಟ್ಟಿದ್ದೆ."

ಕಾಶಿನಾಥನ ಪಿತ್ತ ನೆತ್ತಿಗೇರಿತು. ಆದರೆ ಮಾವ ಎದುರಿಗಿದ್ದ, ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಹೆಲ್ಮೆಟ್ ಬಿಚ್ಚಿಟ್ಟು, ರೆಗ್ಯುಲೇಟರ್ ತಿರುಗಿಸಿ, ಮತ್ತೆ ಕುಕ್ಕರ್ ಇಟ್ಟ. ಈ ಸಲ ಅದರ ಎದುರೇ ಕೂತ. ಮೂರು ಸೀಟಿಗೆ ಆರಿಸಿದ, ಉಗಿ ಇಳಿಯಲು ಬಿಟ್ಟ, ಮುಚ್ಚಳ ತೆಗೆದ. ಅನ್ನ ಮಲ್ಲಿಗೆಯಂತೆ ಅರಳಿತ್ತು. ಬೇಳೆ ಬೆಣ್ಣೆಯಾಗಿತ್ತು. ಬೆಳ್ಳುಳ್ಳಿ ಒಗ್ಗರಣೆ ಹಾಕಿ ಬಡಿಸಿದಾಗ ಖಂಡಪ್ಪ ಮೂರು ಸಲ ನೀಡಿಸಿಕೊಂಡ, ಬೆರಳು ಚೀಪಿದ.

"ಖರೇ ಹೇಳ್ತೀನಿ ಅಳಿಯಂದ್ರ, ನಿಮ್ಮ ಅತ್ತಿನೂ ಹಿಂಗ ಮಾಡೂದಿಲ್ಲ," ಎಂದ.

ಕಾಶಿನಾಥನಿಗೆ ಆಕಾಶ ಮೂರೇ ಗೇಣು. ಕೈ ತೊಳೆದ ಖಂಡಪ್ಪ ಫೋನು ಹಿಡಿದು ಗ್ಯಾಲರಿಗೆ ಹೋದ. ಪಾತ್ರೆ ಎತ್ತುತ್ತಿದ್ದ ಕಾಶಿನಾಥ ಕಿವಿ ನೆಟ್ಟಗೆ ಮಾಡಿದ.

"ಕೇಳಾಕ ಬಂತೇನು?" ಖಂಡಪ್ಪ ಹೆಂಡತಿಗೆ ಹೇಳುತ್ತಿದ್ದ. "ಭಾಳ ದೊಡ್ಡ ಗಂಡಾಂತರ ತಪ್ಪೇತಿ. ಚಾಳ ಖಾಲಿ ಮಾಡಿಸಿದ್ರು. ಅಳಿಯಂದ್ರ ತಲಿಮ್ಯಾಲ ಕಬ್ಬಣದ ಟೊಪಗಿ ಹಾಕ್ಕೊಂಡು ಅಡಗಿ ಮಾಡ್ತಾರ. ಊಟಾನ? ಏನ ಹೇಳೂದು, ಅಕ್ಕಿ ಅಕ್ಕಿನ ಇತ್ತು. ನೀ ಈಗಿಂದೀಗ ಬಂದು ಎರಡು ತಿಂಗಳು ಇರಬೇಕು ನೋಡು. ನನ್ನ ಚಿಂತಿ ಬಿಡು, ನಾ ಹ್ಯಾಂಗೋ ಇರ್ತೀನಿ."

ಕಾಶಿನಾಥ ತಾಟು ಹಿಡಿದೇ ಬಾಗಿಲಿಗೆ ಬಂದ. "ಮಾವಾರ, ಮೂರು ಸಲ ನೀಡಿಸಿಕೊಂಡ್ರಲ್ಲ."

ಖಂಡಪ್ಪ ಒಳಗೆ ಬಂದು ಮಂಚದ ತುದಿಗೆ ಕೂತ. ಅವನ ಮುಖದಲ್ಲಿ ನಾಚಿಕೆಯೂ ಇತ್ತು, ಸಂತೋಷವೂ ಇತ್ತು, ಸಂತೋಷವೇ ಹೆಚ್ಚಿತ್ತು.

"ಸಿಟ್ಟಾಗಬ್ಯಾಡ್ರಿ. ಮದವಿ ಆದಾಗಿಂದ ಮನ್ಯಾಗ ಒಂದು ದಿನಾನೂ ಒಬ್ಬನ ಇದ್ದಿಲ್ಲ. ಎರಡನೇ ಕಪ್ ಚಾ ಕುಡದಿಲ್ಲ. ವಿಜಯಪುರದಿಂದ ಗಾಡಿ ಹತ್ತುಮುಂದನ ನಿಮ್ಮನ್ನ ನಾಪಾಸ ಮಾಡೂದು ಅಂತ ಠರಾವ್ ಮಾಡಿ ಬಂದೀನಿ. ನೀವು ಅಮೃತಾ ಬಡಿಸಿದ್ರೂ ಅಷ್ಟ ಇತ್ತು."

ಬೈಯಬೇಕೆಂದಿದ್ದ ಕಾಶಿನಾಥ ಅವನ ಪಕ್ಕದಲ್ಲೇ ಕೂತ. ತನ್ನ ಮನಸ್ಸಿನ ಮಾತನ್ನೇ ಇನ್ನೊಬ್ಬ ಗಂಡಸು ಆಡಿದರೆ ಬೈಯುವುದು ಹೇಗೆ? ಅಷ್ಟರಲ್ಲಿ ಖಂಡಪ್ಪನ ಫೋನು ಮತ್ತೆ ಬಡಿದುಕೊಂಡಿತು. ಗುರುಬಾಯಿಯ ದನಿಗೆ ಸ್ಪೀಕರ್ ಬೇಕಿರಲಿಲ್ಲ.

"ಅಲ್ರಿ, ಚಾಳ ಖಾಲಿ ಮಾಡಿಸಿದ್ರಂದ್ರಿ. ಮತ್ತ ಆ ಕುಕ್ಕರಿನ ಮುಚ್ಚಳ ತೆಗದಾವ್ರು ಯಾರು?"

"ನಾನ," ಎಂದ ಖಂಡಪ್ಪ, ಮೀಸೆಯ ಮೇಲೆ ಕೈ ಹೋಯಿತು. "ಬರೇ ಕೈಲೆ."

ಗುರುಬಾಯಿಯ ದನಿ ಇನ್ನೂ ಏರಿತು.

"ಊರ ಮಂದಿ ಹೆದರಿ ಕೆಳಗ ನಿಂತಾಗ ನೀವು ಬರೇ ಕೈಲೆ ತೆಗದ್ರಿ. ಇಂಥಾವ್ರನ್ನ ಮನ್ಯಾಗ ಒಬ್ಬರನ್ನ ಬಿಟ್ಟು ನಾ ಹ್ಯಾಂಗ ಬರ್ಲಿ?"

ಕಾಶಿನಾಥನ ಕಣ್ಣಿನಲ್ಲಿ ಬೆಳಕು ಬಂತು. ಖಂಡಪ್ಪನ ಮುಖ ಬಾಡಿತು.

"ಅಳಿಯಂದ್ರನ್ನೂ ಒಬ್ಬರನ್ನ ಬಿಡೂಹಂಗಿಲ್ಲ," ಎಂದಳು ಗುರುಬಾಯಿ. "ನೀವು ಅಲ್ಲೇ ಇರ್ರಿ, ಊರಿಗೆ ಬರಬ್ಯಾಡ್ರಿ. ನಾ ಇವತ್ತಿನ ಬಸ್ಸಿಗೆ ಹೊಂಟೆ. ಮಹಾದೇವಿ ಬರೂತನಕ ಇಬ್ಬರೂ ನನ್ನ ಕಣ್ಣ ಮುಂದ ಇರ್ರಿ."

ಫೋನು ಕಟ್ಟಾಯಿತು. ಮಾವ ಅಳಿಯ ಇಬ್ಬರೂ ಆ ಒಂದು ಖೋಲಿಯನ್ನು, ಆ ಒಂದು ಮಂಚವನ್ನು, ಮೇಲಿನ ಹಳದಿ ಕಲೆಯನ್ನು ನೋಡುತ್ತ ಕೂತರು. ಪಕ್ಕದ ಮನೆಯ ಕುಕ್ಕರ್ ಸೀಟಿ ಹಾಕಿತು, ಇಬ್ಬರೂ ಅದನ್ನು ಎಣಿಸಲಿಲ್ಲ. ಕೊನೆಗೆ ಕಾಶಿನಾಥ ಎದ್ದು, ಮಂಚದ ಮೇಲಿದ್ದ ಒದ್ದೆ ಟವೆಲನ್ನು ಹಗ್ಗಕ್ಕೆ ಹಾಕಲು ಎತ್ತಿಕೊಂಡ.

"ಇರ್ಲಿ ಬಿಡ್ರಿ ಅಳಿಯಂದ್ರ," ಎಂದ ಖಂಡಪ್ಪ, ಮಂಚದ ಮೇಲೆ ಕಾಲು ಚಾಚುತ್ತ. "ಬಸ್ಸು ಬರೂದು ನಾಳೆ ಮುಂಜಾನೆ. ಎರಡನೇ ಕಪ್ ಚಾ ಇಡ್ರಿ."