ಮೌರಿಸರು ಊರಿನವರಾದದ್ದು

ಶಾಲೆಯ ಗೋಡೆಗೆ ಅಂಟಿಸಿದ್ದ ಮತದಾರರ ಪಟ್ಟಿಯನ್ನು ಮೌರಿಸ್ ಮೂರು ಸಲ ಓದಿದರು. ಹೆಂಡತಿ ಮ್ಯಾಗ್ಡಲಿನ್ ಹೆಸರು ಇತ್ತು. ಅವರದು ಇರಲಿಲ್ಲ. ಇಪ್ಪತ್ತೆಂಟು ವರ್ಷ ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡಿ, ಕುಕ್ಕುಂದೂರಿಗೆ ಮರಳಿ ಎರಡು ವರ್ಷವಾಗಿತ್ತು.

ಪಟ್ಟಿಯ ಕೆಲಸ ಅಲ್ಲೇ ಮೇಜು ಹಾಕಿ ಕುಳಿತಿದ್ದ ಅಂಗನವಾಡಿ ಟೀಚರ್ ಭವ್ಯಶ್ರೀಯವರದು. "ನೀವು ಇಲ್ಲೇ ಇರುವುದು ಅಂತ ನೆರೆಕರೆಯವರು ಇಬ್ಬರು ಹೇಳಬೇಕು ಸರ್. ಇವತ್ತೇ ಕಡೇ ದಿನ" ಎಂದರು.

ಮೌರಿಸ್ ಓಡಿದ್ದು ಪಕ್ಕದ ಮನೆಯ ಮುದ್ದಣ್ಣನಲ್ಲಿಗೆ. ಮುದ್ದಣ್ಣ ಗಡಬಡಿಸಿ ಕುರ್ಚಿ ಒರೆಸಿದರು. "ಬನ್ನಿ, ಬನ್ನಿ. ಮಸ್ಕತ್ತಿಗೆ ವಾಪಸ್ ಯಾವಾಗ?"

ಹೇಗೋ ಎಳೆದು ತಂದದ್ದಾಯಿತು. ಟೀಚರ ಎದುರು ನಿಂತ ಕೂಡಲೇ ಮುದ್ದಣ್ಣನಿಗೆ ಸತ್ಯ ಹೇಳುವ ಹುಮ್ಮಸ್ಸು ಬಂತು. "ಇವರು ಊರಲ್ಲಿ ಎಲ್ಲಿದ್ದರು ಟೀಚರ್? ತಾಯಿ ತೀರಿಕೊಂಡಾಗಲೂ ರಜೆ ಸಿಗಲಿಲ್ಲ, ಪಾಪ. ಹೆಗಲು ಕೊಟ್ಟದ್ದು ನಾನು."

ಮೌರಿಸರ ಮುಖ ನೀರು ಬಿದ್ದ ಹಪ್ಪಳದಂತಾಯಿತು.

ಜೊತೆಗೆ ಬಂದಿದ್ದ ಎದುರು ಮನೆಯ ಗುಣವತಿಯಕ್ಕ ಸಹಾಯಕ್ಕೆ ಧಾವಿಸಿದರು. "ಭಾರೀ ಒಳ್ಳೆಯ ಜನ ಟೀಚರ್! ಊರಿಗೆ ಬಂದಾಗೆಲ್ಲ ನಮಗೆ ಹಾಲಿನ ಪುಡಿ ತರುತ್ತಿದ್ದರು."

"ಬಂದಾಗೆಲ್ಲ ಅಂದರೆ ಇರುವವರಲ್ಲ, ಅಲ್ವಾ?" ಟೀಚರ್ ಪೆನ್ನಿಗೆ ಮುಚ್ಚಳ ಹಾಕಿದರು.

"ಎಂತ ಮಾರಾಯ್ರೆ ಇದು!" ಮೌರಿಸರ ಸ್ವರ ಒಡೆಯಿತು. "ಅಲ್ಲಿ ಇಪ್ಪತ್ತೆಂಟು ವರ್ಷ ನನ್ನನ್ನು ಹೊರಗಿನವ ಅಂದರು. ಇಲ್ಲಿಯೂ ಹಾಗೆಯಾ? ಮತ್ತೆ ನಾನು ಎಲ್ಲಿಯವ?"

ಮುದ್ದಣ್ಣ ಪೆನ್ನಿನ ಮುಚ್ಚಳ ತಾವೇ ತೆಗೆದು ಟೀಚರ ಕೈಗೆ ಕೊಟ್ಟರು. "ಬರೆಯಿರಿ ಟೀಚರ್. ಇವರು ಇಲ್ಲಿಯವರೇ. ಮೊನ್ನೆ ನನ್ನ ಪಂಪು ಸರಿ ಮಾಡಿದ್ದು ಮತ್ತೆ ಯಾರು?"

ಗುಣವತಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಸ್ವರ ಇನ್ನೂ ಜೋರು ಮಾಡಿದರು. "ಇವರ ಹೆಂಡತಿ, ಮಗಳ ಬಾಣಂತನಕ್ಕೆ ದುಬಾಯಿಗೆ ಹೋಗಿ ಮೂರು ತಿಂಗಳಾಯಿತು. ಇವರು ಒಬ್ಬರೇ ಗಂಜಿ ಬೇಯಿಸಿಕೊಂಡು ಮನೆ ಕಾಯುತ್ತಿದ್ದಾರೆ. ಎಲ್ಲಿಗಾದರೂ ಹೋದರಾ?"

ಟೀಚರ್ ತಲೆಯಾಡಿಸಿ, ಮೇಜಿನ ಮೇಲಿದ್ದ ಪಟ್ಟಿಯ ಹಾಳೆಯಲ್ಲಿ ಏನೇನೋ ತಿದ್ದಿ, ಮೌರಿಸರ ಹೆಸರು ಸೇರಿಸಿದರು. ಮೂವರೂ ಕೈ ಕುಲುಕಿಕೊಂಡರು. ಮೌರಿಸ್ ಕನ್ನಡಕವಿಲ್ಲದೆಯೇ ಆ ಹಾಳೆಯ ಫೋಟೋ ತೆಗೆದು, ಸಂಭ್ರಮದಿಂದ ದುಬಾಯಿಗೆ ಕಳಿಸಿದರು.

ಎರಡೇ ನಿಮಿಷದಲ್ಲಿ ಮ್ಯಾಗ್ಡಲಿನ್ ಫೋನು ಬಂತು.

"ನೋಡಿದೆಯಾ? ನಾನೀಗ ಊರಿನವ!"

"ನೋಡಿದೆ. ನಿಮ್ಮ ಹೆಸರಿನ ಮೇಲಿನ ಸಾಲು ಓದಿ."

ಮೌರಿಸ್ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. ಮ್ಯಾಗ್ಡಲಿನ್ ಹೆಸರಿಗೆ ಅಡ್ಡಗೆರೆ. ಪಕ್ಕದಲ್ಲಿ ಟೀಚರ ಮುದ್ದಾದ ಅಕ್ಷರ: 'ವಿದೇಶದಲ್ಲಿ ನೆಲೆಸಿದ್ದಾರೆ.'

"ನಿಮ್ಮ ತಾಯಿಯನ್ನು ನೋಡಿಕೊಂಡು, ಮಕ್ಕಳನ್ನು ಸಾಕಿ ಮೂವತ್ತು ವರ್ಷ ಆ ಮನೆಯಲ್ಲಿ ಇದ್ದವಳು ನಾನು" ಎಂದಳು ಮ್ಯಾಗ್ಡಲಿನ್, ಬಹಳ ಮೆಲ್ಲಗೆ. "ನಾಡಿದ್ದು ಬರುತ್ತೇನೆ. ನೀವು ಅಷ್ಟರೊಳಗೆ ಮಸ್ಕತ್ತಿನಲ್ಲಿ ಕೆಲಸ ಉಂಟಾ ಅಂತ ವಿಚಾರಿಸಿ ಇಡಿ."