ಸತ್ತಿಯ ಹಾಲು, ಅಂಕಲಿಯ ಕೀ

ನನಗೆ ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ. ಇರುವುದೊಂದೇ, ಭಿಡೆ. ಯಾರಾದರೂ ಏನಾದರೂ ಕೇಳಿದರೆ ಇಲ್ಲವೆನ್ನಲು ನಾಲಿಗೆ ಹೊರಳುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಐದನೆಯ ಹೋಳಿಗೆ ಬಡಿಸಲು ಬಂದವರಿಗೂ ಸಾಕೆನ್ನಲಾರದೆ ತಿಂದು, ಮರುದಿನ ರಜೆ ಹಾಕಿದವನು ನಾನು. ಇಂಥವನನ್ನು ಚಿಕ್ಕೋಡಿಯ ಒಂದು ಹಾಲಿನ ಡೇರಿಯವರು ಕಂಪ್ಯೂಟರ್ ವಿಭಾಗದಲ್ಲಿ ಕೂಡಿಸಿ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದನ್ನು ನೋಡಿಕೋ ಎಂದರು. ನಾನು ಅದಕ್ಕೂ ಹೂಂ ಅಂದೆ.

ಇದು ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ಆ ವರ್ಷ ಹಳ್ಳಿಯ ಹಾಲಿನ ಕೇಂದ್ರಗಳಿಗೆಲ್ಲ ಒಂದೊಂದು ಕಂಪ್ಯೂಟರ್ ಬಂತು. ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂಬುದನ್ನು ಅಲ್ಲಿಯ ಪ್ರೋಗ್ರಾಂ ತಾನೇ ನಮ್ಮ ಆಫೀಸಿನ ಸರ್ವರಿಗೆ ಕಳಿಸಬೇಕು, ಬೇಕಾದರೆ ತನ್ನ ಊರಿನ ಹಳೆಯ ವಿವರವನ್ನು ಕೇಳಿ ಪಡೆಯಬೇಕು. ಆದರೆ ಸರ್ವರು ಹೊರಗಿನವರನ್ನು ಸುಮ್ಮನೆ ನಂಬುವುದಿಲ್ಲ. ಒಂದೊಂದು ಕೇಂದ್ರಕ್ಕೂ ಬೇರೆಬೇರೆ ಗುಟ್ಟಿನ ಕೀ. ಕೀ ಅಂದರೆ ನಲವತ್ತು ಅಕ್ಷರದ ಒಂದು ಸಾಲು. ಅದನ್ನು ಒಪ್ಪಿಸಿದರೆ ಒಂದು ತಾಸಿಗೆ ಸಾಲುವ ಟೋಕನ್ ಸಿಗುತ್ತದೆ. ತಾಸು ಮುಗಿಯಿತೋ, ಮತ್ತೆ ಮೊದಲಿನಿಂದ ವಿಚಾರಣೆ. ನಮ್ಮ ಕಡೆ ಬೀಗರನ್ನು ಹೀಗೆ ತಾಸಿಗೊಮ್ಮೆ ವಿಚಾರಿಸಿದರೆ ಸಂಬಂಧ ಉಳಿಯುವುದಿಲ್ಲ.

ಸತ್ತಿ ಎಂಬ ಹಳ್ಳಿಯ ಕೇಂದ್ರವನ್ನು ಶಾಂತಕ್ಕ ನಡೆಸುತ್ತಿದ್ದರು. ಒಂದು ಮುಂಜಾನೆ ಅವರ ಫೋನು ಬಂತು. "ಸಾಹೇಬ್ರ, ಮಂದಿ ಹಾಲ ಹಿಡ್ಕೊಂಡ ಪಾಳಿ ಹಚ್ಚ್ಯಾರ್ರಿ. ಈ ಮಷಿನ್ ನನ್ನ ಒಳಗ ಬಿಡವಲ್ದು. ನಮ್ಮ ಕೀ ಎಲ್ಲೈತ್ರಿ?"

ಸತ್ತಿಯ ಕೀ ಇನ್ನೂ ತಯಾರಾಗಿರಲಿಲ್ಲ. ಇಲ್ಲ ಅನ್ನಬೇಕಿತ್ತು. "ಸ್ವಲ್ಪ ತಡೀರಿ ಅಕ್ಕಾರ" ಎಂದು ಅಂಕಲಿ ಎಂಬ ಇನ್ನೊಂದು ಊರಿನ ಕೀ ಬರೆದಿಟ್ಟಿದ್ದ ಚೀಟಿ ತೆಗೆದು ಓದಿ ಹೇಳಿದೆ. ನಲವತ್ತು ಅಕ್ಷರ ಫೋನಿನಲ್ಲಿ ಹೇಳುವ ಕಷ್ಟ ಹೇಳಿದವರಿಗೇ ಗೊತ್ತು. "ಬಿ ರಿ, ಬಸಪ್ಪನ ಬಿ" ಅಂದರೆ, "ಯಾವ ಬಸಪ್ಪರಿ, ಮ್ಯಾಲಿನ ಓಣಿಯವ್ರೇನ್ರಿ?" ಎಂದು ಅವರು. ಅಂತೂ ಸತ್ತಿಯ ಹಾಲು ಸರ್ವರಿಗೆ ಹೋಯಿತು. ಸತ್ತಿಯ ಕೀ ತಯಾರಿಸುವುದನ್ನು ನಾನು ಮರೆತೇಬಿಟ್ಟೆ.

ಮೂರು ತಿಂಗಳಾದ ಮೇಲೆ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದರು. "ಅಂಕಲಿ ನೋಡ್ರಿ, ಹಾಲಿನ ಹೊಳಿ ಹರಿಸ್ಯಾರ. ಅಲ್ಲಿ ನೀರಿನ ಗುಣಾನ ಹಂಗೈತಿ. ಅವರಿಗೊಂದು ಶಾಲು ಹೊದಸೂಣು. ಸತ್ತಿ ನೋಡ್ರಿ, ಒಂದ ಹನಿ ಇಲ್ಲ. ಒಂದನೇ ತಾರೀಖಿನಿಂದ ಆ ಕೇಂದ್ರ ಬಂದ್ ಮಾಡೂಣು. ಇನ್ನ ಐದ ಊರು ಹಿಂಗ ಅದಾವ, ಅವನ್ನ ಆಮ್ಯಾಲ ನೋಡೂಣು."

"ಗಾಡಿಯವ ದಿನಾ ಸತ್ತಿಯಿಂದ ಕ್ಯಾನ್ ತುಂಬಕೊಂಡ ಬರ್ತಾನಲ್ರಿ?"

"ಸರ್ವರದಾಗ ಇಲ್ಲಂದ್ರ ಇಲ್ಲ."

ಅಂಕಲಿಯ ಕೀ ಓದಿ ಹೇಳಿದ್ದು ಆಗ ನೆನಪಾಯಿತು. ಕೇಂದ್ರ ಮುಚ್ಚಿದರೆ ಶಾಂತಕ್ಕನ ಕೆಲಸ ಹೋಗುತ್ತದೆ, ಒಂದೆರಡು ಎಮ್ಮೆ ಕಟ್ಟಿಕೊಂಡ ಹೆಂಗಸರು ತಂಬಿಗೆ ಹಿಡಿದು ಪಕ್ಕದ ಊರಿಗೆ ನಡೆಯಬೇಕಾಗುತ್ತದೆ. ಹೊರಗೆ ಬಂದವನೇ ಫೋನು ಮಾಡಿ, ಆ ಕೀ ಮತ್ತೆ ಯಾರಿಗಾದರೂ ಕೊಟ್ಟಿದ್ದೀರಾ ಎಂದು ಶಾಂತಕ್ಕನನ್ನು ಕೇಳಿದೆ.

"ಮಂಗಸೂಳಿಯವ್ರು ಕೇಳಿದ್ರು, ಕೊಟ್ಟೇನ್ರಿ. ಅವರು ಇನ್ನ ನಾಕ ಊರಿಗೆ ಕೊಟ್ಟಾರಂತ. ಬಾಜೂ ಮನಿಯವ್ರು ಹೆಪ್ಪ ಕೇಳಿದ್ರ ಇಲ್ಲ ಅಂತೇವೇನ್ರಿ? ಕೊಟ್ರ ನಮ್ಮ ಮೊಸರೇನ್ ಕಡಿಮಿ ಆಕ್ಕೈತಿ?" ಆಮೇಲೆ ದನಿ ತಗ್ಗಿಸಿ, "ಒಂದ ಮಾತ್ರಿ. ಅದರಾಗ ಅಂಕಲಿಯವರ ವಿವರಾನೂ ಕಾಣತೈತಿ. ಅಲ್ಲಿಯ ನಮ್ಮ ಬೀಗರು ಎಮ್ಮಿ ಹಾಲು, ಎಮ್ಮಿ ಹಾಲು ಅಂತ ಜಂಬ ಹೊಡೀತಿದ್ರು. ಫ್ಯಾಟ್ ಮೂರ ಐತ್ರಿ, ಆಕಳದ್ದು!"

ನಗುವುದೋ ಅಳುವುದೋ ತಿಳಿಯಲಿಲ್ಲ. ಒಂದೇ ಕೀಯಿಂದ ಆರು ಊರಿನ ಹಾಲು ಅಂಕಲಿಯ ಹೆಸರಿನಲ್ಲಿ ಬಿದ್ದಿತ್ತು. ಸಾಹೇಬರ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು, "ಶಾಲು ತಂದಾಗೈತಲ್ರಿ" ಎಂದರು. ಸತ್ತಿಯ ಕೇಂದ್ರ ಉಳಿಯಿತು. ಎಲ್ಲ ಊರಿಗೂ ಹೊಸ ಕೀ ಮಾಡಿ, ಲಕೋಟೆಯಲ್ಲಿಟ್ಟು, ನಾನೇ ಹೋಗಿ ಮುಟ್ಟಿಸಬೇಕೆಂದು ಅಪ್ಪಣೆಯಾಯಿತು. ಜೊತೆಗೆ ನನ್ನ ಕೈಯಿಂದಲೇ ಒಂದು ಸುತ್ತೋಲೆ ಬರೆಸಿ ಎಲ್ಲ ಕೇಂದ್ರಗಳಿಗೂ ಕಳಿಸಿದರು: ಕೀ ತಂದವರು ಯಾರೇ ಇರಲಿ, ಗುರುತಿನ ಚೀಟಿ ನೋಡಿ, ಆಫೀಸಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡೇ ಇಸಿದುಕೊಳ್ಳಬೇಕು. ಸುತ್ತೋಲೆ ಚೆನ್ನಾಗಿ ಬಂದಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಮೊದಲು ಸತ್ತಿಗೇ ಹೋದೆ. ಶಾಂತಕ್ಕ ಬಾಯ್ತುಂಬ ನಕ್ಕು, "ಬರ್ರಿ ಸಾಹೇಬ್ರ" ಎಂದು ಚಹಾ ಕೊಟ್ಟು, ಮನೆಯವರ ಆರೋಗ್ಯ ವಿಚಾರಿಸಿದರು. ಲಕೋಟೆ ಚಾಚಿದಾಗ ಮಾತ್ರ ಕೈ ಹಿಂದೆ ತೆಗೆದರು.

"ಗುರುತಿನ ಚೀಟಿ ತೋರಸ್ರಿ."

ಚೀಟಿ ಚಿಕ್ಕೋಡಿಯಲ್ಲಿ, ಇನ್ನೊಂದು ಅಂಗಿಯ ಕಿಸೆಯಲ್ಲಿತ್ತು. "ನಾನ ಅಲ್ರಿ ಅಕ್ಕಾರ, ಗೊತ್ತಾಗಲಿಲ್ಲೇನು?"

"ಗೊತ್ತೈತ್ರಿ. ಅದಕ್ಕ ಚಾ ಕೊಟ್ನಲ್ರಿ?" ಎಂದವರೇ ಆಫೀಸಿಗೆ ಫೋನು ಹಚ್ಚಿದರು. "ಒಬ್ರು ಬಂದಾರ್ರಿ, ನಿಮ್ಮ ಕಡೆಯವ್ರು ಅಂತಾರ. ಎತ್ತರ ಕಮ್ಮಿ, ಮೀಸಿ ಅದಾವ, ಇಲ್ಲ ಅನ್ನೂದ ಗೊತ್ತಿಲ್ಲ." ಆ ಕಡೆಯಿಂದ ಸಾಹೇಬರ ದನಿ ನನಗೂ ಕೇಳಿಸಿತು: "ಹೌದ್ರಿ, ನಮ್ಮವನ. ಲಕೋಟಿ ಇಸ್ಕೋರಿ. ಆದ್ರ ಕಂಪ್ಯೂಟರದಾಗ ಕೀ ಹೊಡಿಯೂ ಮುಂದ ಅವನ್ನ ಹೊರಗ ಕೂಡಸ್ರಿ."

ಹೊರಗೆ ಬೋರಲು ಹಾಕಿದ ಕ್ಯಾನಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ, "ಹೋತ್ರಿ! ಸತ್ತಿ ಹಾಲು ಸತ್ತಿ ಹೆಸರೀಲೆ ಹೋತ್ರಿ!" ಎಂದು ಒಳಗಿಂದ ಕೂಗು ಕೇಳಿತು. ಪಾಳಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನನಗೂ ನಿಜಕ್ಕೂ ಖುಷಿಯಾಯಿತು. ಕಣ್ಣಾರೆ ನೋಡೋಣವೆಂದು ಎದ್ದು ಬಾಗಿಲಿಗೆ ಹೋದೆ. ನನ್ನನ್ನು ಕಂಡದ್ದೇ ಶಾಂತಕ್ಕ ಕಂಪ್ಯೂಟರಿಗೆ ಸೆರಗು ಅಡ್ಡ ಹಿಡಿದರು.