ಮೊದಲ ಸಾಲಿನ ಖಾಲಿ ಕುರ್ಚಿಗಳಲ್ಲಿ ಕೂರುವ ಮಾನ್ಯರಿಗೆ

ಮಾನ್ಯರೇ,

ಪ್ರತಿ ವರ್ಷ ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ತಮ್ಮ ಲೋಕದ ಬಾಗಿಲು ತೆರೆಸಿಕೊಂಡು ಕೌಲೂನಿನ ನಮ್ಮ ಬಡಾವಣೆಯ ಫುಟ್‌ಬಾಲ್ ಮೈದಾನಕ್ಕೆ ದಯಮಾಡಿಸುವ, ಬಿದಿರಿನ ಚಪ್ಪರದಲ್ಲಿ ನಾವು ತಮಗೆಂದೇ ಆಡುವ ಸಂಗೀತ ನಾಟಕವನ್ನು ಮೂರು ಸಂಜೆಯೂ ಮೊದಲ ಸಾಲಿನಲ್ಲಿ ಕುಳಿತು ನೋಡುವ, ಸತ್ತ ಮೇಲೂ ಸಮಯಕ್ಕೆ ಸರಿಯಾಗಿ ಬರುವ ತಮ್ಮೆಲ್ಲರಿಗೂ, ನಾಟಕ ತಂಡದ ಎರಡನೇ ಪಿಟೀಲಿನವಳಾದ ಲುಯಿ ಪುಯಿ-ಸಾನ್ ತಲೆಬಾಗಿ ಮಾಡುವ ನಮಸ್ಕಾರಗಳು. ಪತ್ರದ ಆರಂಭದಲ್ಲಿ ಕ್ಷೇಮ ವಿಚಾರಿಸುವುದು ವಾಡಿಕೆ. ತಮ್ಮ ವಿಷಯದಲ್ಲಿ ಹಾಗೆ ಕೇಳುವುದು ಮರ್ಯಾದೆಯೋ ಅವಮರ್ಯಾದೆಯೋ ತಿಳಿಯದೆ ಆ ಸಾಲನ್ನು ಬಿಟ್ಟಿದ್ದೇನೆ. ಈ ಪತ್ರದ ಒಂದು ಪ್ರತಿಯನ್ನು ಉತ್ಸವ ಸಮಿತಿಯ ಫಲಕಕ್ಕೆ ಅಂಟಿಸಿ, ಇನ್ನೊಂದನ್ನು ಸುಟ್ಟು ತಮಗೆ ಕಳಿಸುತ್ತಿದ್ದೇನೆ.

ದೂರು ಕೊಡುವವಳ ಮೇಲೆಯೇ ಒಂದು ದೂರು ಇರುವುದರಿಂದ ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ಮೂರು ವರ್ಷ ನಾನು ವೇದಿಕೆಯ ಮೇಲೆ ಒಂದು ಸ್ವರವನ್ನೂ ನುಡಿಸಲಿಲ್ಲ. ಪಿಟೀಲು ಹಿಡಿದು ಕುಳಿತಿದ್ದೇನೆ, ಬೆರಳು ಆಡಿಸಿದ್ದೇನೆ, ಕಮಾನು ಎಳೆದಿದ್ದೇನೆ, ದುಃಖದ ಹಾಡಿಗೆ ಕಣ್ಣು ಮುಚ್ಚಿ ತಲೆಯನ್ನೂ ತೂಗಿದ್ದೇನೆ. ಸದ್ದು ಮಾತ್ರ ಮಾಡಿಲ್ಲ. ನನ್ನದು ತೆಂಗಿನ ಚಿಪ್ಪಿನ ಪಿಟೀಲು. ಅದಕ್ಕೆ ಇರುವುದು ಎರಡೇ ತಂತಿ, ಕಮಾನಿನ ಕುದುರೆ ಕೂದಲು ಅವೆರಡರ ನಡುವೆ ಸಿಕ್ಕಿಕೊಂಡಿರುತ್ತದೆ. ಆ ಕೂದಲಿಗೆ ರಾಳ ಉಜ್ಜಿದರೆ ತಂತಿ ಹಾಡುತ್ತದೆ, ಉಜ್ಜದಿದ್ದರೆ ಕೂದಲು ಸುಮ್ಮನೆ ಜಾರಿಹೋಗುತ್ತದೆ. ನಾನು ಉಜ್ಜುತ್ತಿರಲಿಲ್ಲ. ಅಷ್ಟೇ ಅಲ್ಲ, ಆಟದ ದಿನ ಸಂಜೆ ಕಮಾನಿನ ಕೂದಲಿಗೆ ಶಾಂಪೂ ಹಾಕಿ ತೊಳೆದು ಒಣಗಿಸುತ್ತಿದ್ದೆ. ರಾಳದ ಬಿಳಿ ಪುಡಿ ಉದುರಿದಂತೆ ಕಾಣಲೆಂದು ಚಿಪ್ಪಿನ ಮೇಲೆ ಒಂದಿಷ್ಟು ಟಾಲ್ಕಂ ಪೌಡರನ್ನೂ ಚಿಮುಕಿಸುತ್ತಿದ್ದೆ. ಮನೆಯಲ್ಲಿ ಅಭ್ಯಾಸಕ್ಕೆ ಬೇರೊಂದು ಪಿಟೀಲು ಇದೆ. ಅದಕ್ಕೆ ಸದ್ದಿದೆ ಎನ್ನುವುದಕ್ಕೆ ಗೋಡೆ ಗುದ್ದುವ ನೆರೆಯವರೇ ಸಾಕ್ಷಿ.

ಇದಕ್ಕೆಲ್ಲ ಕಾರಣ ತಾವು ಎಂಬುದು ನನ್ನ ವಿನಯಪೂರ್ವಕ ದೂರು.

ತೆಗೆದುಹಾಕುತ್ತೇವೆ ಎಂದು ಶಾಲೆಯವರು ಹೇಳುವ ಮೊದಲೇ ನಾನಾಗಿ ಬಿಟ್ಟು ಬಂದು, ಪಿಟೀಲು ಕಲಿತು, ಈ ತಂಡಕ್ಕೆ ಸೇರಿದ ಮೊದಲ ಸಂಜೆ ಪರದೆಯ ಪಕ್ಕದಿಂದ ಇಣುಕಿ ನೋಡಿದೆ. ಹಿಂದಿನ ಸಾಲುಗಳಲ್ಲಿ ಬೀಸಣಿಗೆ ಹಿಡಿದ ಮುದುಕರು, ಐಸ್‌ಕ್ರೀಂ ನೆಕ್ಕುವ ಮಕ್ಕಳು. ಮೊದಲ ಸಾಲಿನಲ್ಲಿ ಮಾತ್ರ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಒಂದೊಂದರ ಮುಂದೆಯೂ ಊದುಬತ್ತಿ, ಕಿತ್ತಳೆ ಹಣ್ಣು, ಮತ್ತೆ ಯಾರೂ ಇಲ್ಲ. ಕಣ್ಣಿಗೆ ಕಾಣುವ ಪ್ರೇಕ್ಷಕ ಆಕಳಿಸಬಹುದು, ಎದ್ದು ಹೋಗಬಹುದು, ಅಷ್ಟೇ. ಖಾಲಿ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದಾದ್ದರಿಂದ ನನ್ನ ತಲೆ ಹುಡುಕಿ ಹುಡುಕಿ ಬೇಡದವರನ್ನೇ ತಂದು ಕೂರಿಸಿತು. ಒಂದರಲ್ಲಿ ಬಾಡಿಗೆ ಕೇಳುವ ಮನೆ ಒಡತಿ. ಅವಳ ಪಕ್ಕದಲ್ಲಿ, "ಇವಳು ಯಾವುದನ್ನೂ ಮುಗಿಸೋಳಲ್ಲ" ಎಂದು ಇಡೀ ತರಗತಿಯ ಮುಂದೆ ಹೇಳಿದ ಮೇಷ್ಟ್ರು. ಅದರಾಚೆ, "ಆ ಚಿಪ್ಪು ಹಿಡ್ಕೊಂಡು ಕೂತ್ರೆ ಜನ ಭಿಕ್ಷೆ ಹಾಕ್ತಾರೆ, ಸಂಬಳ ಕೊಡಲ್ಲ" ಎನ್ನುವ ನನ್ನ ಅಮ್ಮ. ಇವರಲ್ಲಿ ಯಾರೂ ಸತ್ತಿಲ್ಲ; ಆದರೂ ತಮ್ಮ ಜಾಗದಲ್ಲಿ ಬಂದು ಕೂತರು, ತಾವು ಎಬ್ಬಿಸಲಿಲ್ಲ. ನನ್ನ ಕಮಾನು ತಂತಿಯ ಮೇಲೆ ಕುಣಿಯಿತು, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಪಿಟೀಲು ಕಿರುಚಿತು. ಪುಣ್ಯಕ್ಕೆ ಅದೇ ಹೊತ್ತಿಗೆ ಜಾಗಟೆ ಮೊಳಗಿತು. ಮಾರನೆಯ ದಿನ ಶಾಂಪೂ ಕೊಂಡೆ.

ಇಷ್ಟಾದರೂ ತಮ್ಮಂಥ ಪ್ರೇಕ್ಷಕರು ಈ ಊರಿನಲ್ಲೇ ಇಲ್ಲ ಎಂಬುದನ್ನು ಒಪ್ಪಬೇಕು. ತಾವು ಆಟದ ನಡುವೆ ಫೋನಿನಲ್ಲಿ ಮಾತಾಡುವುದಿಲ್ಲ, ಕಡಲೆಕಾಯಿ ಸಿಪ್ಪೆ ಎಸೆಯುವುದಿಲ್ಲ, ಮಗುವಿನ ಉಚ್ಚೆಗೆಂದು ಎದ್ದು ಹೋಗುವುದಿಲ್ಲ. ಚಪ್ಪಾಳೆ ತಟ್ಟುವುದಿಲ್ಲ ಎಂಬುದೊಂದು ಸಣ್ಣ ಕೊರತೆ, ಹೋಗಲಿ. ಇಂಥ ಶಿಸ್ತಿಗೆ ತಮಗೆ ಸಿಗುವ ಸಂಭಾವನೆಯೂ ತಕ್ಕದ್ದೇ. ತಮಗೆ ಹುರಿದ ಇಡೀ ಹಂದಿ, ನಮಗೆ ತಣ್ಣಗಾದ ಅನ್ನದ ಡಬ್ಬಿ. ತಮಗೆ ಕಾಗದದ ಅಂಗಿ, ಕಾಗದದ ಕಾರು, ಕಳೆದ ವರ್ಷದಿಂದ ಕಾಗದದ ಬಟ್ಟೆ ಒಗೆಯುವ ಯಂತ್ರ. ಸೊನ್ನೆಗಳನ್ನು ಎಣಿಸಲಾಗದಷ್ಟು ದೊಡ್ಡ ನೋಟುಗಳ ಕಂತೆಗಳನ್ನು ಗೋಣಿಯಲ್ಲಿ ತಂದು ತಮಗಾಗಿ ಸುಡುತ್ತಾರೆ. ನಮಗೆ ಈ ಒಂದು ತಿಂಗಳೇ ಸುಗ್ಗಿ. ಊರೂರಿನ ಮೈದಾನಗಳಲ್ಲಿ ತಮ್ಮ ಹೆಸರಿನಲ್ಲಿ ನುಡಿಸಿ ಬಂದ ದುಡ್ಡಿನಲ್ಲಿ, ಹಲಗೆ ಹೊಡೆದು ಐದು ಪಾಲು ಮಾಡಿದ ಮನೆಯ ಒಂದು ಪಾಲಿಗೆ ಚಳಿಗಾಲ ಮುಗಿಯುವವರೆಗೆ ಬಾಡಿಗೆ ಕಟ್ಟಬೇಕು. ಉಳಿದ ಹೊಟ್ಟೆಪಾಡಿಗೆ ಮೀನುಂಡೆ ಅಂಗಡಿಯಲ್ಲಿ ತಟ್ಟೆ ತೊಳೆಯುತ್ತೇನೆ. ತಮ್ಮ ಬ್ಯಾಂಕಿನ ನೋಟೊಂದು ಬೆಂಕಿಯಿಂದ ಹಾರಿ ನನ್ನ ಕಾಲ ಬುಡಕ್ಕೆ ಬಿದ್ದಿದ್ದಾಗ ಮನೆ ಒಡತಿಗೆ ತೋರಿಸಿ, ಇದನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. "ಓಹೋ, ತಗೋತೀನಿ. ಚಿಲ್ಲರೆ ಜೊತೆ ನಿನ್ನನ್ನೂ ಅಲ್ಲಿಗೇ ಕಳಿಸ್ತೀನಿ" ಎಂದಳು.

ಇನ್ನು ಈ ವರ್ಷದ ಕೊನೆಯ ಸಂಜೆಯ ವಿಷಯ. ತಾವೂ ಅಲ್ಲೇ ಇದ್ದಿರಿ, ಆದರೆ ಪತ್ರ ಫಲಕದಲ್ಲಿ ಓದುವವರಿಗಾಗಿ ಬರೆಯುತ್ತೇನೆ.

ಸಮಿತಿಯ ಅಧ್ಯಕ್ಷರಾದ ಶ್ರೀ ಫಾಂಗ್, ಅಂಗಡಿಗಳು ಮುಚ್ಚುತ್ತಿವೆ, ಚಂದಾ ಬರುತ್ತಿಲ್ಲ, ಮುಂದಿನ ವರ್ಷ ವಾದ್ಯದವರನ್ನು ಕಡಿಮೆ ಮಾಡಲೇಬೇಕು, ಯಾರನ್ನು ಎಂಬುದನ್ನು ಕೊನೆಯ ಸಂಜೆ ಖುದ್ದಾಗಿ ಹತ್ತಿರ ನಿಂತು ಕೇಳಿ ತೀರ್ಮಾನಿಸುವುದಾಗಿ ತಿಳಿಸಿದ್ದರು. ಜಾಗ ಹೋದರೆ ಬಾಡಿಗೆ ಹೋಯಿತು. ಇವತ್ತು ರಾಳ ಉಜ್ಜಿಯೇ ಉಜ್ಜುತ್ತೇನೆ ಎಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿದೆ. ಮಧ್ಯಾಹ್ನ ಶಾಂಪೂ ಎಷ್ಟು ಉಳಿದಿದೆ ಎಂದು ನೋಡಿದೆ. ಸಂಜೆ ಕಮಾನು ತೊಳೆದೆ.

ಆ ದಿನ ಮಧ್ಯಾಹ್ನ ಬಡವರಿಗೆ ಅಕ್ಕಿ ಹಂಚಿದ್ದರು. ಅಕ್ಕಿ ಚೀಲದೊಂದಿಗೆ ಆಟಕ್ಕೂ ಉಳಿದ ಲೊಕ್ ಅಜ್ಜಿಗೆ ಹಿಂದೆ ಎಲ್ಲೂ ಜಾಗ ಸಿಗಲಿಲ್ಲ. ಮಂಡಿ ನೋವಿನ ಆಕೆ ನಿಧಾನವಾಗಿ ನಡೆದು ಬಂದು ಮೊದಲ ಸಾಲಿನ ನಟ್ಟನಡುವೆ, ತಮ್ಮಲ್ಲೊಬ್ಬರ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಶ್ರೀ ಫಾಂಗ್ ಬಗ್ಗಿಕೊಂಡೇ ಓಡಿ ಬಂದರು.

"ಅಜ್ಜೀ, ಏಳಿ, ಏಳಿ! ಅದು ಅವರ ಜಾಗ!"

"ಯಾರದಪ್ಪ?"

"ಅವರದು ಅಜ್ಜಿ, ಅವರದು!"

"ನಮ್ಮ ಯಜಮಾನ್ರೂ ಅವರ ಪೈಕೀನೇ ಅಲ್ವಾ, ಇಲ್ಲೇ ಎಲ್ಲೋ ಕೂತಿರ್ತಾರೆ. ಬದುಕಿದ್ದಾಗ ಬಸ್ಸಲ್ಲಿ ಒಂದು ದಿನ ನಂಗೆ ಸೀಟು ಬಿಟ್ಟೋರಲ್ಲ. ಈಗಾದ್ರೂ ಬಿಡ್ಲಿ, ನೀನು ಸುಮ್ನಿರು."

ವೇದಿಕೆಯಲ್ಲಿ ಆಗ ನಾಯಕಿ ಗಂಡನ ಸಮಾಧಿಯ ಮುಂದೆ ಅಳುವ ದೃಶ್ಯ. ಜಾಗಟೆ, ತಾಳ, ಓಲಗ ಎಲ್ಲವೂ ನಿಂತು ಎರಡು ಪಿಟೀಲು ಮಾತ್ರ ಅವಳ ದನಿಯ ಬೆನ್ನಿಗೆ ಹೋಗಬೇಕು. ಮೊದಲ ಪಿಟೀಲು ಮಾಕ್ ಚಿಕ್ಕಪ್ಪನದು. ತಂಡದ ಹಿರಿಯರಾದ ಅವರನ್ನು ನಾವೆಲ್ಲ ಕರೆಯುವುದೇ ಹಾಗೆ. ಎರಡನೆಯದು ನನ್ನದು. ಆ ಮೌನದಲ್ಲಿ ಲೊಕ್ ಅಜ್ಜಿ, ಕಿವಿ ಮಂದ ಇರುವವರು ಮಾತಾಡುವಷ್ಟು ಜೋರಾಗಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಅಧ್ಯಕ್ಷರಿಗೆ ಹೇಳಿದರು: "ಏನಪ್ಪಾ, ಆ ಮೂಲೇಲಿರೋ ಹುಡುಗಿ ಆಗಿಂದ ಎಳೀತಾನೇ ಇದಾಳೆ, ಸದ್ದೇ ಬರ್ತಿಲ್ವಲ್ಲ? ನೀವೇನು ಅವಳಿಗೆ ಸಂಬಳ ಕೊಟ್ಟಿಲ್ವಾ?"

ವೇದಿಕೆಯ ಅಂಚಿನ ಮೈಕು ಆ ಮಾತನ್ನು ಇಡೀ ಬಡಾವಣೆಗೆ ತಲುಪಿಸಿತು. ಶ್ರೀ ಫಾಂಗ್ ನನ್ನ ಕಡೆ ನೋಡಿದರು. ಮಾಕ್ ಚಿಕ್ಕಪ್ಪನ ಕಾಲ ಬಳಿ ಅವರ ರಾಳದ ಗಟ್ಟಿ ಇತ್ತು. ನಾನೇಕೆ ಬಗ್ಗಿದೆನೋ, ಹೇಗೆ ಎತ್ತಿಕೊಂಡೆನೋ ಗೊತ್ತಿಲ್ಲ. ಎಲ್ಲರೂ ನೋಡುತ್ತಿರುವಂತೆಯೇ ಕಮಾನಿಗೆ ಉಜ್ಜಿದೆ, ಎಳೆದೆ. ಮಾನ್ಯರೇ, ಚೆನ್ನಾಗಿ ಬಂತು ಎಂದು ಬರೆಯಲು ಕೈ ಬಹಳ ತುರಿಸುತ್ತಿದೆ. ಚೆನ್ನಾಗಿ ಬರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಯಾರೋ ಬಿಕ್ಕುವ ಹಾಗೆ ಬಂತು, ನಡುಗಿತು, ಎರಡು ಕಡೆ ಶ್ರುತಿ ತಪ್ಪಿತು. ಆದರೆ ಕೊನೆಯ ಸಾಲಿನವರೆಗೂ ಬಂತು.

"ಕೇಳಿಸ್ತು!" ಎಂದು ಮಾಕ್ ಚಿಕ್ಕಪ್ಪ ಕಮಾನು ಕೈಬಿಟ್ಟು ಕೂಗಿದರು. "ಅಯ್ಯೋ ದೇವರೇ, ಕೇಳಿಸ್ತು!" ಸಮಾಧಿಯೊಳಗಿನ ಗಂಡನೇ ಉತ್ತರ ಕೊಟ್ಟನೆಂದುಕೊಂಡು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಲೊಕ್ ಅಜ್ಜಿ ಮಾತ್ರ ಸ್ವಲ್ಪ ಹೊತ್ತು ಕೇಳಿ, "ಮೊದಲೇ ವಾಸಿಯಿತ್ತು" ಎಂದರು.

ಆಟ ಮುಗಿದ ಮೇಲೆ ಮಾಕ್ ಚಿಕ್ಕಪ್ಪ ನನ್ನನ್ನು ವೇಷದ ಪೆಟ್ಟಿಗೆಗಳ ಹಿಂದೆ ಕರೆದುಕೊಂಡು ಹೋಗಿ, ಉದ್ದ ಬಿಟ್ಟಿದ್ದ ಕೂದಲ ಅಡಿಯಿಂದ ಕಡಲೆಕಾಳಿನಷ್ಟು ದೊಡ್ಡ ಯಂತ್ರವೊಂದನ್ನು ಕಿವಿಯಿಂದ ಕಿತ್ತು ನನ್ನ ಅಂಗೈಯಲ್ಲಿ ಇಟ್ಟರು.

"ಮೂರು ವರ್ಷ ಕಣೇ! ಪಕ್ಕದಲ್ಲಿ ಕೂತೋಳ ಪಿಟೀಲು ಕೇಳಿಸ್ತಿಲ್ಲ ಅಂತ ಒಬ್ಬರಿಗೂ ಹೇಳ್ದೆ ಕಿವಿ ಡಾಕ್ಟ್ರ ಹತ್ರ ಅಲೆದಿದೀನಿ. ಹೇಳಿದ್ರೆ ಕಿವುಡ ಅಂತ ತಂಡದಿಂದ ತೆಗೀತಾರೆ, ಈ ವಯಸ್ಸಲ್ಲಿ ನನ್ನನ್ನ ಯಾರು ತಗೋತಾರೆ? ಜಾಗಟೆ ಕೇಳುತ್ತೆ, ಸೊಳ್ಳೆ ಕೇಳುತ್ತೆ, ತೆಂಗಿನ ಚಿಪ್ಪಿನ ಪಿಟೀಲು ಮಾತ್ರ ಕೇಳಲ್ಲ ಡಾಕ್ಟ್ರೇ ಅಂದ್ರೆ, ಇದು ಅಪರೂಪದ ಕಾಯಿಲೆ ಅಂತ ಅವನು ಫೀಸು ಜಾಸ್ತಿ ಮಾಡ್ದ!"

"ಮತ್ತೆ ದಿನಾ ಚೆನ್ನಾಗಿ ನುಡಿಸ್ದೆ ಮಗಳೇ ಅಂತಿದ್ರಲ್ಲ, ಚಿಕ್ಕಪ್ಪ?"

"ಇನ್ನೇನು ಅನ್ಲಿ? ಕೇಳಿಸ್ಲಿಲ್ಲ ಅಂತ ನನ್ನ ಗುಟ್ಟು ನಾನೇ ಬಿಟ್ಟುಕೊಡ್ಲಾ?"

ಅವರು ದಿನವೂ ಹೇಳುತ್ತಿದ್ದ ಆ ಒಂದು ಮಾತನ್ನು ಹಿಡಿದುಕೊಂಡು ನಾನು ಮೂರು ವರ್ಷ ಮಾರನೆಯ ದಿನದ ಆಟಕ್ಕೆ ಬಂದಿದ್ದೇನೆ. ಅದು ಕರುಣೆ ಎಂದುಕೊಂಡಿದ್ದೆ. ಅದೂ ಹೆದರಿಕೆಯೇ ಆಗಿತ್ತು, ನನ್ನ ಹೆದರಿಕೆಯ ಪಕ್ಕದ ಕುರ್ಚಿಯಲ್ಲಿ ಕೂತಿತ್ತು. ಈ ಸಲದ ಸಂಬಳದ ಲಕೋಟೆಯನ್ನು ಹಾಗೇ ಅವರ ಮುಂದೆ ಹಿಡಿದೆ. ಅವರು ಒಡೆದು ಅರ್ಧ ತೆಗೆದುಕೊಂಡರು. "ಪೂರ್ತಿ ತಗೊಂಡ್ರೆ ನಿನ್ನನ್ನ ಕ್ಷಮಿಸಬೇಕಾಗುತ್ತೆ" ಎಂದರು.

ಶ್ರೀ ಫಾಂಗ್ ಅವರ ತೀರ್ಮಾನ ಅದೇ ದಿನ ಬಂತು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದರೆ ಅವರು ನನ್ನ ಕೈ ಕುಲುಕಿದರು. "ನೋಡಮ್ಮ, ಯಾರನ್ನ ತೆಗೀಬೇಕು ಅಂತ ವಾರದಿಂದ ನನಗೆ ನಿದ್ದೆ ಇಲ್ಲ. ಎರಡನೇ ಪಿಟೀಲು ಇಲ್ದೇನೇ ಮೂರು ವರ್ಷ ನಡೆದಿದೆ, ಒಬ್ಬರೂ ದೂರು ಕೊಟ್ಟಿಲ್ಲ. ಇದನ್ನ ಕಂಡುಹಿಡಿಯೋಕೆ ಬೇರೆಯವರು ದುಡ್ಡು ಕೊಟ್ಟು ಪರೀಕ್ಷೆ ಮಾಡಿಸ್ತಾರೆ. ನೀನು ಪುಕ್ಕಟೆ ಮಾಡಿಕೊಟ್ಟೆ." ಹೀಗೆ, ಕೆಲಸ ಹೋದೀತೆಂಬ ಭಯದಲ್ಲಿ ನಾನು ಮಾಡಿದ ಕೆಲಸವೇ ಆ ಕೆಲಸ ಬೇಕಿಲ್ಲವೆಂಬುದಕ್ಕೆ ಆಧಾರವಾಯಿತು. ಎದೆ ಬಡಿತವನ್ನು ಉಳಿತಾಯದ ಯೋಜನೆಯಾಗಿ ಮಾರ್ಪಡಿಸಿದ ಮೊದಲ ವಾದ್ಯಗಾರ್ತಿ ಎಂದು ಸಮಿತಿ ನನಗೊಂದು ಹಾರ ಹಾಕಬಹುದಿತ್ತು.

ಈಗ ತಮ್ಮಲ್ಲಿ ಕೇಳುವುದಿಷ್ಟು. ಅಷ್ಟು ಹತ್ತಿರ ಕುಳಿತು ಮೂರು ವರ್ಷ ನೋಡಿದ ತಮಗೆ ಎಲ್ಲವೂ ಗೊತ್ತಿತ್ತು. ಒಂದು ಕೆಮ್ಮು ಸಾಕಿತ್ತು. ಒಂದು ಕುರ್ಚಿ ಕಿರ್ ಎಂದಿದ್ದರೂ ನಾನು ಮೊದಲ ವರ್ಷವೇ ಸಿಕ್ಕಿಬಿದ್ದು, ಅತ್ತು, ರಾಳ ಉಜ್ಜಿ, ಇಷ್ಟು ಹೊತ್ತಿಗೆ ಕೈ ಪಳಗಿಸಿಕೊಂಡಿರುತ್ತಿದ್ದೆ. ಒಬ್ಬ ಮುದುಕ ಸರಿಯಾಗಿದ್ದ ಕಿವಿಗೆ ಔಷಧ ಮಾಡಿಸುತ್ತಿರಲಿಲ್ಲ. ತಾವು ಬಾಯಿ ಬಿಡಲಿಲ್ಲ. ಇಡೀ ಊರಿನಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ತಮಗೆ, ಕೊನೆಗೆ ನನ್ನ ಗುಟ್ಟು ಕಾಪಾಡಿದವರೂ ತಾವೇ ಎಂಬುದಕ್ಕೆ ದೂರು ಬರೆಯಬೇಕೋ ಧನ್ಯವಾದ ಬರೆಯಬೇಕೋ ತಿಳಿಯದೆ ಎರಡನ್ನೂ ಇದರಲ್ಲೇ ಸೇರಿಸಿದ್ದೇನೆ. ಪರಿಹಾರವಾಗಿ, ಆ ಡಾಕ್ಟರಿಗೆ ತಿಂಗಳಿಗೊಮ್ಮೆ ಒಂದು ಕಿವಿಯಲ್ಲಿ ಮಾತ್ರ ಪಿಟೀಲು ಕೇಳಿಸುವಂತೆ ಮಾಡಬೇಕು. ಮನೆ ಒಡತಿಯ ಕನಸಿನಲ್ಲಿ ಯಾರಾದರೂ ಸಭ್ಯರು ಕಾಣಿಸಿಕೊಂಡು ಮುಂಗಡ ಹಣವನ್ನು ವಾಪಸು ಕೊಡಿಸಬೇಕು. ಮತ್ತು ತಮ್ಮ ಲೋಕದ ಸಂಬಂಧಪಟ್ಟ ಕಚೇರಿಯಿಂದ, ಲುಯಿ ಪುಯಿ-ಸಾನ್ ಒಂದು ಸಂಜೆ ಒಂದು ಹಾಡಿಗೆ ನಿಜವಾಗಿಯೂ ನುಡಿಸಿದಳು ಎಂದು ಒಂದು ಪ್ರಮಾಣಪತ್ರ ಬೇಕು; ಅಮ್ಮನಿಗೆ ತೋರಿಸಲು.

ಮಾಕ್ ಚಿಕ್ಕಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಆದರೂ ನಿನ್ನೆ ಅನ್ನದ ಡಬ್ಬಿಯ ಮುಚ್ಚಳದ ಮೇಲೆ ಒಂದು ವಿಳಾಸ ಬರೆದು ನನ್ನ ಕಡೆ ತಳ್ಳಿದರು. ಗಡಿಯಾಚೆ ಫೋಶಾನಿನಲ್ಲಿ ಒಂದು ಚಹಾಮನೆ, ಬೆಳಗಿನ ತಿಂಡಿಯ ಹೊತ್ತಿಗೆ ಹಾಡುವವರ ಜೊತೆ ನುಡಿಸಲು ಒಬ್ಬರು ಬೇಕಂತೆ. ಸಂಬಳ ಕಡಿಮೆ, ಊಟ ಅವರದೇ. ಗಿರಾಕಿಗಳು ಕೈ ಚಾಚಿದರೆ ಪಿಟೀಲು ಮುಟ್ಟುವಷ್ಟು ಹತ್ತಿರ ಕೂರುತ್ತಾರಂತೆ, ಇಷ್ಟವಾಗದಿದ್ದರೆ ಬಾಯಲ್ಲಿ ತಿಂಡಿ ಇಟ್ಟುಕೊಂಡೇ ಹೇಳುತ್ತಾರಂತೆ. ಅದನ್ನು ನೆನೆದರೆ ಈಗಲೂ ಕೈ ಶಾಂಪೂ ಬಾಟಲಿಯ ಕಡೆ ಹೋಗುತ್ತದೆ. ಒಪ್ಪಿಕೊಂಡಿದ್ದೇನೆ.

ತಮ್ಮ ಮೌನಕ್ಕೆ ಸದಾ ಋಣಿಯೂ ಅದರಿಂದ ಸಾಕಷ್ಟು ನೊಂದವಳೂ ಆದ,

ತಮ್ಮ ವಿಶ್ವಾಸಿ,
ಲುಯಿ ಪುಯಿ-ಸಾನ್
(ರದ್ದಾದ ಎರಡನೇ ಪಿಟೀಲು)

ವಿ.ಸೂ.: ಸದ್ದಿಲ್ಲದವರನ್ನು ತೆಗೆದರೂ ಯಾರೂ ದೂರು ಕೊಡುವುದಿಲ್ಲ ಎಂಬುದನ್ನು ನನ್ನಿಂದ ಕಲಿತ ಶ್ರೀ ಫಾಂಗ್, ಮುಂದಿನ ವರ್ಷ ತಮ್ಮ ಸಾಲಿನ ಕುರ್ಚಿಗಳನ್ನು ಅರ್ಧಕ್ಕೆ ಇಳಿಸಿ ಉಳಿದವನ್ನು ಟಿಕೆಟ್ ಇಟ್ಟು ಮಾರುವ ಯೋಚನೆಯಲ್ಲಿದ್ದಾರೆ. ಆಕ್ಷೇಪಣೆ ಇದ್ದರೆ ಈ ಸಲವಾದರೂ ಬಾಯಿ ಬಿಟ್ಟು ನೇರವಾಗಿ ಅವರಿಗೇ ಹೇಳಿ. ನನ್ನ ಮೂಲಕ ಹೇಳಿಸಲಾಗುವುದಿಲ್ಲ, ನಾನು ನಾಳೆ ಬೆಳಗಿನ ರೈಲಿಗೆ ಹೋಗುತ್ತಿದ್ದೇನೆ.